ಆಟ ತೊಡಗುವ ಮುನ್ನ

ಹುಬ್ಬಳ್ಳಿ-ಧಾರವಾಡಗಳ ನಡುವೆ ದಾರಿಯ ಮಗ್ಗುಲಿಗೆ ಇರುವ ನಮ್ಮ ಸತ್ತೂರಿನಲ್ಲಿ ಮಳೆಗಾಲವು ಒಕ್ಕಲಿಗನಿಗೆ ದುಡಿಮೆಯ ಕಾಲವೂ ಕ್ರಿಕೆಟ್ಟಿನ ಹುಚ್ಚುಳ್ಳವನಿಗೆ ಬಿಡುವಿನ ಕಾಲವೂ ಆಗಿರುವದೆಂದು ಹೊರಗಿನವರು ತಿಳಿಯಬಹುದು. ಎರೆಯ ಮಣ್ಣು ಒಮ್ಮೆ ನೆನೆಯಿತೆಂದರೆ ಚೆಂಡು ಪುಟಿಯುವ ಮಾತು ಒತ್ತಟ್ಟಿಗಿರಲಿ, ಆಡುವವನ ಕಾಲೇ ನೆಲವನ್ನು ಬಿಟ್ಟು ಏಳಲೊಲ್ಲದು. ಆದರೂ ವಾಚಕರು ನಂಬಬೇಕು: ಅಭಿಮಾನಿಯ ಪಾಲಿಗೆ ವರುಷದಲ್ಲಿ ಎಲ್ಲಕ್ಕೂ ಸುಖದ ದಿನಗಳು ಇವೇ. ರಣಜಿ ಪಾರಿತೋಷಕದ ಪಂದ್ಯಗಳು ಈಚಿನ ಹಂಗಾಮುಗಳಲ್ಲಿ ಅಕ್ಟೋಬರದಲ್ಲಿ ತೊಡಗಿವೆ. ಅದಕ್ಕೂ ಮುಂಚೆ, ಮೋಡದ ಸಂದಿನಲ್ಲಿ ಬಿಸಿಲು ಕಾಣುವ ದಿನಗಳಲ್ಲಿ, ಬೆಂಗಳೂರು-ಮೈಸೂರುಗಳ ಕಡೆಗೆ ಕ್ಯಾಪ್ಟನ್ ತಿಮ್ಮಪ್ಪಯ್ಯನವರ ಸ್ಮಾರಕ ಪಂದ್ಯಾವಳಿಯು ನಡೆಯುವದುಂಟು. ಹೆಸರಿನಿಂದ ಅದು ಪಂದ್ಯ, ಪ್ರಯೋಜನದಿಂದ ತಾಲೀಮು. ಹೊಸ ಹುಡುಗನೊಬ್ಬನು ನೂರು ರನ್ನು ಹೊಡೆದನೆಂದು ಪತ್ರಿಕೆಯ ಕ್ರೀಡಾಪುಟದ ಕೆಳಮೂಲೆಯಲ್ಲಿ ನಾಲ್ಕು ಸಾಲು ಬರುವದು. ಆ ನಾಲ್ಕು ಸಾಲುಗಳಿಗಾಗಿ ನಾನು ಬೆಳಗಿನ ಚಹವನ್ನು ಆರಗೊಟ್ಟದ್ದುಂಟು. ನಮ್ಮ ಮನೆಯವರು ಅದನ್ನು ಮತ್ತೆ ಕಾಸಿಕೊಡಲು ಒಲ್ಲೆನೆಂದದ್ದೂ ಉಂಟು.

ಈ ದಿನಗಳಲ್ಲಿ ಅಭಿಮಾನಿಯಾದವನು ಆಡುವ ಭಾಷೆಯೇ ಬೇರೆಯಾಗುವದು. “ಈ ಸಲ ಬಂತು ನೋಡ್ರಿ ಕಪ್ಪು” ಎನ್ನುವನು. ಬರುವದೆಂದಲ್ಲ, ಬಂತು! ನಾನು ಮೂವತ್ತು ವರುಷಕ್ಕೂ ಮಿಕ್ಕಿ ಹುಡುಗರ ಕಾಲದೋಷಗಳನ್ನು ಕೆಂಪು ಮಸಿಯಿಂದ ತಿದ್ದಿದವನು. ಆದರೆ ಈ ಒಂದನ್ನು ತಿದ್ದಲಾರೆ. ಯಾಕಂದರೆ ಇದಕ್ಕೆ ಪಾಣಿನಿಯ ಅಪ್ಪಣೆಯಿದೆ. ಆಶಂಸೆಯನ್ನು, ಎಂದರೆ ಇನ್ನೂ ಕೈಗೆ ಬಾರದುದರ ಬಯಕೆಯನ್ನು, ಹೇಳುವಲ್ಲಿ ಮುಂದೆ ಆಗತಕ್ಕದ್ದನ್ನೂ ಬೇಕಾದರೆ ಆಗಿಹೋದುದರಂತೆ ನುಡಿಯಬಹುದೆಂದು ಆತನು ತನ್ನ ಮೂರನೆಯ ಅಧ್ಯಾಯದಲ್ಲಿ ವಿಧಿಸಿರುವನು. ನಮ್ಮ ಗುರುಗಳು ಇದನ್ನು ಪಾಠ ಹೇಳುವಾಗ ಕಿಟಕಿಯ ಹೊರಗೆ ಬೊಟ್ಟುಮಾಡಿ, ಮಳೆ ಬಿತ್ತೆಂದರೆ ಒಕ್ಕಲಿಗನು ಬತ್ತ ಬೆಳೆಯಿತು ಎಂದೇ ಅನ್ನುವನಷ್ಟೆ, ಅವನನ್ನು ಸುಳ್ಳುಗಾರನೆನ್ನುವಿರೇನು ಎಂದು ಕೇಳುತ್ತಿದ್ದರು. ವ್ಯಾಕರಣದಂಥ ಒಣ ಶಾಸ್ತ್ರವೂ ಮನುಷ್ಯನ ಆಶೆಗೆ ಇಷ್ಟು ಜಾಗ ಬಿಟ್ಟಿರುವದನ್ನು ಕಂಡು ನನಗೆ ಅಂದೂ ಸೋಜಿಗವಾಗಿತ್ತು, ಇಂದೂ ಆಗುವದು.

ಈ ಆಶೆಯು ನನಗೆ ತಂದೆಯವರಿಂದ ಬಂದ ಆಸ್ತಿ. ಅವರಿಗೆ ಅದು ಅಷ್ಟು ಸರಳವಾಗಿ ದಕ್ಕಿರಲಿಲ್ಲ. ಅವರು ಹುಟ್ಟಿದ್ದು ಮುಂಬಯಿ ಇಲಾಖೆಗೆ ಸೇರಿದ್ದ ಧಾರವಾಡ ಜಿಲ್ಲೆಯಲ್ಲಿ. ಎಳವೆಯಲ್ಲಿ ಅವರ ದೇವರೆಂದರೆ 1943-44ರಲ್ಲಿ ಮಹಾರಾಷ್ಟ್ರದ ಮೇಲೆ ಔಟಾಗದೆ 359 ರನ್ನು ಮಾಡಿದ ವಿಜಯ ಮರ್ಚಂಟರು. ಮೈಸೂರಿನ ತಂಡದ ವಿಷಯಕ್ಕೆ ಅವರಿಗಿದ್ದದ್ದು ಕನಿಕರ ಮಾತ್ರ. ಇದೇ ಪಾರಿತೋಷಕದ ಮೊಟ್ಟಮೊದಲಿನ ಪಂದ್ಯದಲ್ಲಿ, 1934ನೆಯ ಇಸವಿಯ ನವೆಂಬರ 4ರಂದು, ಮದ್ರಾಸಿನ ಚೇಪಾಕದಲ್ಲಿ ಮೈಸೂರು ತಂಡವು 48 ಮತ್ತು 59 ರನ್ನುಗಳಿಗೆ ಉರುಳಿ ಒಂದೇ ದಿನದಲ್ಲಿ ಸೋತು ಮನೆಗೆ ಬಂದಿತ್ತು. ಮುಂದೆ 1941-42ರಲ್ಲಿ ಒಮ್ಮೆ, 1959-60ರಲ್ಲಿ ಒಮ್ಮೆ ಕೊನೆಯ ಪಂದ್ಯದವರೆಗೆ ಬಂದು ಎರಡು ಸಲವೂ ಮುಂಬಯಿಗೇ ಸೋತಿತು. ಈ ನಡುವೆ 1956ನೆಯ ನವೆಂಬರ 1ರಂದು ಪ್ರಾಂತಗಳು ಕೂಡಿದವು. ಅಂದಿನಿಂದ ಧಾರವಾಡದವರು ಮುಂಬಯಿಯವರಲ್ಲ. ಏಕೀಕರಣಕ್ಕಾಗಿ ಮೆರವಣಿಗೆಯಲ್ಲಿ ಕೂಗಿ ಗಂಟಲು ಕಟ್ಟಿಸಿಕೊಂಡಿದ್ದ ತಂದೆಯವರು ಮನಃಪೂರ್ವಕವಾಗಿ ಕನ್ನಡದ ರಾಜ್ಯಕ್ಕೆ ಸೇರಿದರು. ಆದರೆ ಕ್ರಿಕೆಟ್ಟಿನಲ್ಲಿ ಮಾತ್ರ ಅವರ ಮನಸ್ಸು ವಿಕ್ಟೋರಿಯಾ ಟರ್ಮಿನಸ್ಸಿನ ಪ್ಲಾಟಫಾರ್ಮಿನ ಮೇಲೆಯೇ ಕೆಲವು ವರುಷ ನಿಂತಿತ್ತು. ತಂಡದ ಹೆಸರು ಮೈಸೂರು ಎಂದೇ ಇದ್ದದ್ದೂ ಅವರಿಗೆ ಒಂದು ನೆವವಾಗಿತ್ತು. ವಿದ್ಯಾವರ್ಧಕ ಸಂಘದ ಊರಿನವರಿಗೆ ಕರ್ನಾಟಕವೆಂಬ ಹೆಸರಿನ ಮೇಲೆ ಇದ್ದ ಹಟವನ್ನು ಬಲ್ಲವರಿಗೆ ಇದು ಹೊಸದಲ್ಲ.

1973ನೆಯ ನವೆಂಬರ 1ರಂದು ರಾಜ್ಯಕ್ಕೆ ಆ ಹೆಸರು ಬಂತು. ಆ ಹಂಗಾಮಿನಲ್ಲಿಯೇ ನಡೆದ ಸಂಗತಿಯನ್ನು ಹಳೆಯ ಅಭಿಮಾನಿಗಳಿಗೆ ಹೇಳಬೇಕಾಗಿಲ್ಲ, ಹೊಸಬರಿಗೆ ಹೇಳದೆ ಬಿಡಲಾರೆ. ಮುಂಬಯಿಯು 1958-59ರಿಂದ ಹದಿನೈದು ವರುಷ ಒಂದೇ ಸವನೆ ಪಾರಿತೋಷಕವನ್ನು ಯಾರ ಕೈಗೂ ಕೊಟ್ಟಿರಲಿಲ್ಲ. 1974ರಲ್ಲಿ ಬೆಂಗಳೂರಿನಲ್ಲಿ ನಡೆದ ಉಪಾಂತ್ಯದ ಪಂದ್ಯದಲ್ಲಿ ಪ್ರಸನ್ನರ ಕೈಕೆಳಗಿನ ನಮ್ಮವರು ಮೊದಲು ಆಡಿ 385 ಮಾಡಿದರು. ವಿಶ್ವನಾಥರದು 162, ಬ್ರಿಜೇಶ ಪಟೇಲರದು 106. ಉತ್ತರವಾಗಿ ಮುಂಬಯಿಯವರು ಮಾಡಿದ್ದು 307. ಗಾವಸ್ಕರರ ವಿಕೆಟ್ಟನ್ನು ಪ್ರಸನ್ನರ ಚೆಂಡೊಂದು ಕೆಡವಿತು. ವಾಡೇಕರರು ಓಡುತ್ತ ಜಾರಿ ಬಿದ್ದು ರನ್‌ಔಟಾದರು. ಪಂದ್ಯವು ಪೂರ್ತಿಯಾಗಿ ತೀರದಿದ್ದರೆ ಮೊದಲಿನ ಸರದಿಯಲ್ಲಿ ಮುಂದಿದ್ದವರೇ ಗೆದ್ದಂತೆ ಎಂಬ ನಿಯಮವಿದೆಯಷ್ಟೆ; ಅದರಿಂದ ನಾವು ಗೆದ್ದೆವು. ಬಳಿಕ ಜಯಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಪಾರಿತೋಷಕವನ್ನು ತಂದದ್ದಾಯಿತು. ಒಂದೇ ದಿನದಲ್ಲಿ ಸೋತ ತಂಡಕ್ಕೆ ನಾಲ್ವತ್ತನೆಯ ಹಂಗಾಮಿನಲ್ಲಿ ದೊರೆತ ಮೊದಲ ಜಯವಿದು. ನನಗಾಗ ಎಂಟು ವರುಷ. ಮರುದಿನ ತಂದೆಯವರು ಸಂಯುಕ್ತ ಕರ್ನಾಟಕವನ್ನು ಕಟ್ಟೆಯ ಮೇಲೆ ಕುಳಿತು ಗಟ್ಟಿಯಾಗಿ ಓದಿದರು. ಕರ್ನಾಟಕ ಎಂಬಲ್ಲಿ ಧ್ವನಿ ಏರಿತು. ಮುಂಬಯಿ ಎಂಬಲ್ಲಿ ತುಸು ಇಳಿಯಿತು. ಸತ್ತವರ ಮನೆಯಲ್ಲಿ ಮದುವೆಯ ಕಾಗದ ಓದಿದಂತೆ ಇತ್ತೆಂದು ನಮ್ಮ ತಾಯಿಯವರು ಬಹುದಿನ ನಗುತ್ತಿದ್ದರು.

ಅಲ್ಲಿಂದ ಇಲ್ಲಿಯವರೆಗೆ ಎಂಟು ಸಲ ಗೆದ್ದಿದ್ದೇವೆ. ಎಲ್ಲವನ್ನೂ ಎಣಿಸಿ ವಾಚಕರನ್ನು ದಣಿಸುವದಿಲ್ಲ. 1995-96ರದನ್ನು ಮಾತ್ರ ಹೇಳುವೆನು. ಅದರಲ್ಲಿ ನಮ್ಮ ಸೀಮೆಯ ಪಾಲಿದೆ. ಗದಗಿನ ಸುನೀಲ ಜೋಶಿಯವರು ಆ ಒಂದು ಹಂಗಾಮಿನಲ್ಲಿ 500ಕ್ಕೂ ಮಿಕ್ಕಿ ರನ್ನು ಮಾಡಿ 50ಕ್ಕೂ ಮಿಕ್ಕಿ ವಿಕೆಟ್ಟು ಪಡೆದರು. ಬಾಲ್ಯದಲ್ಲಿ ಅವರು ಹೊತ್ತು ಮೂಡುವ ಮೊದಲೇ ಗದಗಿನಿಂದ ಹೊರಟು ಹುಬ್ಬಳ್ಳಿಗೆ ಬಂದು, ತಾಲೀಮು ಮುಗಿಸಿ, ಶಾಲೆಯ ಗಂಟೆಗೆ ತಿರುಗಿ ಗದಗನ್ನು ಮುಟ್ಟುತ್ತಿದ್ದ ಸಂಗತಿಯು ಈ ಭಾಗದಲ್ಲಿ ಈಗ ಪುರಾಣವೇ ಆಗಿದೆ. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕದವರ ಮೇಲೆ ಹತ್ತು ಓವರು ಎಸೆದು ಆರೇ ರನ್ನು ಕೊಟ್ಟು ಐವರನ್ನು ಔಟು ಮಾಡಿದವರೂ ಅವರೇ. ಆ ಹೊತ್ತಿನಲ್ಲಿ ನನ್ನ ತರಗತಿಯಲ್ಲಿ ಎಡಗೈಯಿಂದ ಬರೆಯುವ ಹುಡುಗರಿಗೆಲ್ಲ ಒಮ್ಮೆಲೆ ಮಾನ ಬಂದಿತ್ತು.

ಸೋಲುಗಳ ಪೈಕಿ ಬಹುಕಾಲ ನನಗೆ ಮುಳ್ಳಾಗಿದ್ದದ್ದು ಮೈಸೂರಿನದು. 2010ನೆಯ ಜನವರಿಯಲ್ಲಿ, ಅಂತಿಮ ಪಂದ್ಯದಲ್ಲಿ, ಮತ್ತೆ ಅದೇ ಮುಂಬಯಿಗೆ ಆರೇ ಆರು ರನ್ನುಗಳಿಂದ ಸೋತದ್ದು. ಮನೀಶ ಪಾಂಡೆಯ 144 ನೀರಿನಲ್ಲಿ ಹೋಯಿತು. ಬಳಿಕ 2013-14 ಮತ್ತು 2014-15ರಲ್ಲಿ ವಿನಯಕುಮಾರರ ತಂಡವು ಬೆನ್ನುಬೆನ್ನಿಗೆ ಗೆದ್ದು ಆ ಮುಳ್ಳನ್ನು ಕಿತ್ತಿತು. ಅದರ ನಂತರ ಪಾರಿತೋಷಕವು ನಮ್ಮ ಕಡೆಗೆ ಬಂದಿಲ್ಲ. ಹೊಸ ಮುಳ್ಳು ನೆಟ್ಟದ್ದು ನಮ್ಮ ಹಿತ್ತಲಿನಲ್ಲಿಯೇ.

2026ನೆಯ ಫೆಬ್ರುವರಿಯಲ್ಲಿ ರಣಜಿಯ ಅಂತಿಮ ಪಂದ್ಯವು ಹುಬ್ಬಳ್ಳಿಯ ರಾಜನಗರದ ಮೈದಾನದಲ್ಲಿ ನಡೆಯಿತು. ಇದನ್ನು ಬರೆಯುವಾಗಲೂ ನನಗೆ ನಂಬುಗೆಯಾಗಲೊಲ್ಲದು. ಎಂದೂ ದೂರದ ಊರುಗಳ ಹೆಸರಿನೊಡನೆ ಓದಿದ್ದ ಸಂಗತಿಯು ಚಿಗರಿ ಬಸ್ಸು ಹತ್ತಿದರೆ ಮುಟ್ಟುವಷ್ಟು ಸಮೀಪ ಬಂದಿತ್ತು. ಎದುರಾಳಿಗಳು ಜಮ್ಮು-ಕಾಶ್ಮೀರದವರು, ಮೊದಲ ಸಲ ಅಂತಿಮ ಪಂದ್ಯಕ್ಕೆ ಬಂದವರು. ನಮ್ಮಲ್ಲಿಯೋ ರಾಹುಲ, ಮಯಂಕ ಮೊದಲಾಗಿ ಭಾರತಕ್ಕಾಗಿ ಆಡಿದವರ ದಂಡೇ ಇತ್ತು. ಊಟದ ಡಬ್ಬಿಯನ್ನು ಕಟ್ಟಿಸಿಕೊಂಡು, ಕೊಡೆಯನ್ನು ಬಿಸಿಲಿಗೆ ಹಿಡಿದು, ಐದು ದಿನವೂ ಹೋದೆನು. ಕಾಶ್ಮೀರದವರು ಎರಡು ದಿನಕ್ಕೂ ಮಿಕ್ಕಿ ಆಡಿ 584 ಮಾಡಿದರು. ನಮ್ಮವರದು 293ಕ್ಕೆ ಮುಗಿಯಿತು. ಅದರಲ್ಲಿ ಮಯಂಕ ಅಗರವಾಲರೊಬ್ಬರದೇ 160. ಆಕಿಬ್ ನಬಿಯೆಂಬ ವೇಗದ ಬೌಲರು ಐವರನ್ನು ಉರುಳಿಸಿದನು. 1974ರಲ್ಲಿ ನಮ್ಮನ್ನು ಗೆಲ್ಲಿಸಿದ ಅದೇ ಮೊದಲ ಸರದಿಯ ನಿಯಮವು ಈ ಸಲ ಅವರನ್ನು ಗೆಲ್ಲಿಸಿತು. ನಿಯಮಕ್ಕೆ ನೆನಪೂ ಇಲ್ಲ, ದಾಕ್ಷಿಣ್ಯವೂ ಇಲ್ಲ. ಕೊನೆಯ ದಿನ ನನ್ನ ಮಗ್ಗುಲಿನಲ್ಲಿದ್ದ ಹುಬ್ಬಳ್ಳಿಯ ವ್ಯಾಪಾರಿಯೊಬ್ಬರು ಮೊದಲು ತಮ್ಮ ತಂಡವನ್ನು ಮನಸಾರೆ ಬೈದು, ಅನಂತರ ಎದ್ದು ನಿಂತು ಕಾಶ್ಮೀರದ ಹುಡುಗರಿಗೆ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆನು. ಆ ತಂಡವು ರಣಜಿಗೆ ಕಾಲಿಟ್ಟದ್ದು 1959-60ರಲ್ಲಿ. ಒಂದು ಪಂದ್ಯವನ್ನು ಗೆಲ್ಲುವದಕ್ಕೇ ಅದಕ್ಕೆ 1982-83ರ ತನಕ ಕಾಯಬೇಕಾಯಿತು. ಅವರಲ್ಲಿಯೂ ನನ್ನಂಥ ಮುದುಕರು ಇದ್ದಾರು, ಪ್ರತಿ ವರುಷ ಹಿಮ ಕರಗುವಾಗ ಭೂತಕಾಲದಲ್ಲಿ ಮಾತನಾಡಿದವರು.

ಕಾಯುವದರಲ್ಲಿಯೂ ಬಗೆಗಳುಂಟು. ಇಲ್ಲದಿರುವಿಕೆಯನ್ನು ನ್ಯಾಯಶಾಸ್ತ್ರದವರು ಹಲವು ವಿಧವಾಗಿ ಒಡೆದು ಹೇಳುವರು. ಕುಂಬಾರನು ಇನ್ನೂ ಮಾಡದಿರುವ ಗಡಿಗೆಯು ಇಲ್ಲವಷ್ಟೆ. ಆ ಇಲ್ಲದಿರುವಿಕೆಗೆ ಮೊದಲೆಂಬದಿಲ್ಲ, ಕೊನೆಯುಂಟು. ಇದು ಪ್ರಾಗಭಾವ. ಒಡೆದುಹೋದ ಗಡಿಗೆಯ ಇಲ್ಲದಿರುವಿಕೆಗೆ ಮೊದಲುಂಟು, ಕೊನೆಯಿಲ್ಲ. ಇದು ಧ್ವಂಸ. ಅಭಿಮಾನಿಯ ವರುಷವು ಈ ಎರಡರ ನಡುವೆ ಜೀಕುವದು. ಮಾರ್ಚಿ ತಿಂಗಳಿನಲ್ಲಿ ಎಲ್ಲವೂ ಧ್ವಂಸವೆಂದು ಕಾಣುವದು. ಮಳೆ ಹಿಡಿಯುತ್ತಲೇ ಅದೇ ಶೂನ್ಯವು ಪ್ರಾಗಭಾವವಾಗಿ ಮಾರ್ಪಡುವದು. ನೈಯಾಯಿಕರು ಇಂಥ ಮಾರ್ಪಾಟನ್ನು ಒಪ್ಪಲಾರರು. ಆದರೆ ಅವರು ಕ್ರಿಕೆಟ್ಟು ನೋಡಿದವರಲ್ಲ. ಅಮೇರಿಕೆಯ ಶಿಕಾಗೊ ನಗರದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಅಲ್ಲಿಯ ಬೇಸ್‌ಬಾಲ್ ಎಂಬ ಆಟದ ಬಗ್ಗೆ ಹೇಳುತ್ತಿರುತ್ತಾನೆ. ಫೆಬ್ರುವರಿಯಲ್ಲಿ ಊರೆಲ್ಲ ಹಿಮದಲ್ಲಿ ಹೂತಿರುವಾಗ ಅವರ ತಂಡಗಳು ಬೆಚ್ಚನೆಯ ಅರಿಜೋನಾ, ಫ್ಲಾರಿಡಾಗಳಿಗೆ ತಾಲೀಮಿಗೆ ಹೋಗುವವಂತೆ. ಚೆಂಡು ಎಸೆಯುವವರು ಅಲ್ಲಿ ಮುಟ್ಟಿದರೆಂಬ ಸುದ್ದಿ ಬಂದೊಡನೆ ಇತ್ತ ಜನರು ವಸಂತ ಬಂತೆನ್ನುವರಂತೆ. ಆ ನಗರದ ಕಬ್ಸ್ ಎಂಬ ತಂಡವು 1908ರಲ್ಲಿ ಗೆದ್ದ ಮೇಲೆ ಮತ್ತೆ ಗೆದ್ದದ್ದು 2016ರಲ್ಲಿ, ನೂರೆಂಟು ವರುಷಗಳ ನಂತರ. ಜಪಮಾಲೆಯ ಮಣಿಗಳಷ್ಟು ವರುಷ! ನಮ್ಮದು ಅದರ ಮುಂದೆ ಏನೂ ಅಲ್ಲವೆಂದು ನಾನು ಅವನಿಗೆ ಫೋನಿನಲ್ಲಿ ಹೇಳಿದೆನು. ಹೇಳಿದ ಮೇಲೆ ನನ್ನ ವಯಸ್ಸು ನೆನಪಾಯಿತು. ಇಪ್ಪತ್ತರ ಹರೆಯದವನು ಮುಂದಿನ ವರುಷವೆಂದು ಅನ್ನುವದಕ್ಕೂ ಅರವತ್ತರವನು ಅನ್ನುವದಕ್ಕೂ ತೂಕ ಒಂದೇ ಅಲ್ಲ.

ಆಶೆ ಈಡೇರಿದ ಬಗೆಯೊಂದನ್ನೂ ಹೇಳದೆ ಹೋಗಬಾರದು. ಬೆಂಗಳೂರಿನ ಐಪಿಎಲ್ ತಂಡದವರು “ಈ ಸಲ ಕಪ್ ನಮ್ದೇ” ಎಂದು ವರುಷ ವರುಷವೂ ಕೂಗುತ್ತಿದ್ದರು. ಆ ವಾಕ್ಯದಲ್ಲಿ ಕ್ರಿಯಾಪದವಿಲ್ಲ, ಅವಧಾರಣೆಯ ಏಕಾರವೊಂದಿದೆ. 2024ರಲ್ಲಿ ಹೆಣ್ಣುಮಕ್ಕಳ ತಂಡವು ಗೆದ್ದಾಗ ಅದರ ನಾಯಕಿ ಸ್ಮೃತಿ ಮಂಧಾನಾ ಅವರು, ಕನ್ನಡ ಅವರ ಮನೆಮಾತಲ್ಲದಿದ್ದರೂ, ಅದನ್ನು “ನಮ್ದು” ಎಂದು ತಿದ್ದಿದರು. ಕಪ್ಪು ಕೈಯಲ್ಲಿಲ್ಲದಷ್ಟು ದಿನ ಬೇಕಾಗಿದ್ದ ಏಕಾರವು ಅದು ಬಂದೊಡನೆ ಬೇಡವಾಯಿತು. ವ್ಯಾಕರಣದ ಪರೀಕ್ಷಕನಾಗಿದ್ದರೆ ನಾನು ಅವರಿಗೆ ಪೂರ್ಣ ಅಂಕ ಕೊಡುತ್ತಿದ್ದೆನು. ಗಂಡಸರ ತಂಡವು ಹದಿನೆಂಟನೆಯ ಹಂಗಾಮಿನಲ್ಲಿ, 2025ನೆಯ ಜೂನ 3ರಂದು ಗೆದ್ದಿತು. ಮರುದಿನವೇ ಬೆಂಗಳೂರಿನ ಕ್ರೀಡಾಂಗಣದ ಬಾಗಿಲುಗಳಲ್ಲಿ ನೂಕುನುಗ್ಗಲಾಗಿ ಹನ್ನೊಂದು ಜನ ಸತ್ತರು, ಹೆಚ್ಚಿನವರು ಎಳೆಯರು. ಆ ದಿನದ ಪತ್ರಿಕೆಯನ್ನು ನಾನು ಗಟ್ಟಿಯಾಗಿ ಓದಲಿಲ್ಲ.

ಇದೆಲ್ಲವೂ ನೋಡುವವನ ಆಶೆ. ಇದಕ್ಕೆ ತಗಲುವ ವೆಚ್ಚವೆಂದರೆ ಪತ್ರಿಕೆಯ ಚಂದಾ ಮತ್ತು ಬಸ್ಸಿನ ಟಿಕೀಟು. ಆಡುವವನ ಆಶೆಯ ಬೆಲೆ ಬೇರೆ. ಅದನ್ನು ಈ ಮಳೆಗಾಲದಲ್ಲಿ ನಾನು ಹತ್ತಿರದಿಂದ ನೋಡಬೇಕಾಯಿತು.

ನಮ್ಮ ಓಣಿಯ ಒಕ್ಕಲಿಗರೊಬ್ಬರ ಮಗನು ಎಡಗೈಯ ಸ್ಪಿನ್ನರು. ವಯಸ್ಸು ಹದಿನೈದು, ಹತ್ತನೆಯ ಇಯತ್ತೆ. ಬೆಳಗಿನ ಮೊದಲ ಬಸ್ಸಿಗೆ ಹುಬ್ಬಳ್ಳಿಗೆ ತಾಲೀಮಿಗೆ ಹೋಗಿ ಶಾಲೆಯ ಹೊತ್ತಿಗೆ ಬರುವನು. ಹೋದ ಎರಡು ವರುಷವೂ ಆಯ್ಕೆಯ ಪಟ್ಟಿಯಲ್ಲಿ ಅವನ ಹೆಸರು ಬಂದಿಲ್ಲ. ಫೆಬ್ರುವರಿಯ ಪಂದ್ಯಕ್ಕೆ ಒಂದು ದಿನ ನನ್ನ ಕೂಡ ಬಂದಿದ್ದನು. ಒಂದು ಸಂಜೆ ಅವನ ತಂದೆಯವರು ಮಳೆಯಲ್ಲಿ ತೊಯ್ದುಕೊಂಡೇ ಬಂದು ಪಡಸಾಲೆಯ ಕಂಬಕ್ಕೆ ಆತು ಕುಳಿತರು.

“ಮಾಸ್ತರ, ನಿಮ್ಮ ಮಾತು ಕೇಳ್ತಾನ ಅಂವ. ಆಟ ಸಾಕು ಅಂತ ನೀವ ಒಂದ್ ಮಾತು ಹೇಳಿಬಿಡ್ರಿ. ಬೂಟಿಗೆ, ಬ್ಯಾಟಿಗೆ ಹೋದ ರೊಕ್ಕದಾಗ ನಮಗ ಗೊಬ್ಬರಾ ಬರ್ತಿತ್ತು. ಈ ವರ್ಷ ಪರೀಕ್ಷಾ ಬ್ಯಾರೆ.”

ನ್ಯಾಯವಾದ ಮಾತು. ಹನ್ನೊಂದು ಜನರ ಒಂದು ತಂಡಕ್ಕಾಗಿ ಇಡೀ ರಾಜ್ಯದಲ್ಲಿ ಎಷ್ಟು ಹುಡುಗರು ಬೆಳಗಿನ ಬಸ್ಸು ಹಿಡಿಯುವರು! ಒಬ್ಬ ಜೋಶಿಯವರ ಕಥೆಯನ್ನು ನಾವು ಹೇಳುತ್ತಿರುತ್ತೇವೆ. ಅದೇ ರೈಲಿನಲ್ಲಿ ಬಂದು ಹೋಗಿ ಕೊನೆಗೆ ಅಂಗಡಿಯ ಗಲ್ಲೆಯ ಮೇಲೆ ಕುಳಿತವರ ಕಥೆಯನ್ನು ಯಾರೂ ಹೇಳುವದಿಲ್ಲ. ಶಾಲೆಯಲ್ಲಿರುವಾಗ ನಾನು ಇಂಥ ತಂದೆಗಳ ಪರವಾಗಿಯೇ ಹಲವು ಸಲ ಮಾತನಾಡಿದ್ದೇನೆ, ಅದು ಸರಿಯಾಗಿಯೂ ಇತ್ತು. ಈ ಸಲ ನಾಲಗೆ ಏಳಲಿಲ್ಲ. ಐದು ದಿನ ಬಿಸಿಲಿನಲ್ಲಿ ಕುಳಿತು ಸೋಲು ಕಂಡು ಬಂದು, ಮತ್ತೆ ಈಗ ಪತ್ರಿಕೆಯ ಕೆಳಮೂಲೆಯನ್ನು ಹುಡುಕುವ ನಾನು ಯಾವ ಬಾಯಿಯಿಂದ ಆ ಹುಡುಗನಿಗೆ ಆಶೆ ಬಿಡೆನ್ನಲಿ? ಹಾಗೆಂದು ಬಿಡಬೇಡವೆನ್ನುವದೂ ಸುಲಭವಲ್ಲ. ನನ್ನ ಸೋಲನ್ನು ನಾನು ಒಂದು ರಾತ್ರಿಯ ನಿದ್ದೆಯಲ್ಲಿ ತೀರಿಸಬಲ್ಲೆ, ಅವನು ವರುಷಗಳನ್ನು ತೆರಬೇಕಾಗುವದು.

ಒಳಗಿನಿಂದ ಚಹ ತಂದ ನಮ್ಮ ಮನೆಯವರು ಬಟ್ಟಲನ್ನು ಕೆಳಗಿಡುತ್ತ ಅಂದರು: “ಹ್ವಾದ ವರ್ಷ ನಿಮ್ಮ ಹೆಸರು ಮಳಿಗೆ ಕೊಳತು ಹೋತಲ್ಲರೀ. ಈ ವರ್ಷ ಬಿತ್ತಲಿಲ್ಲೇನು?”

ಅವರು ಉತ್ತರ ಕೊಡಲಿಲ್ಲ. ಚಹ ಕುಡಿದು, “ಹೊಲದ ಮಾತು ಬ್ಯಾರೆ, ತಾಯಿ. ಹೊಲ ಬಿಟ್ರ ನಮಗ ಬ್ಯಾರೆ ಏನೈತಿ?” ಎಂದರು. ಅದೂ ನಿಜವೇ. ಹುಡುಗನಿಗೆ ಬೇರೆ ಇದೆ, ಇರಬೇಕೆಂಬದೇ ಆ ತಂದೆಯ ಆಶೆ.

ಮರುದಿನ ಹುಡುಗನನ್ನು ಕರೆದು ಕೇಳಿದೆನು. ಈ ಸಲವೂ ಹೆಸರು ಬಾರದಿದ್ದರೆ ಏನು ಮಾಡುವಿ? ಅವನು ಅಳುವನೆಂದೋ ಪ್ರತಿಜ್ಞೆ ಮಾಡುವನೆಂದೋ ತಿಳಿದಿದ್ದೆನು. ಅವನು ಮಾತ್ರ ಕೈಯನ್ನು ಗಾಳಿಯಲ್ಲಿ ತಿರುವಿ, “ಸರ, ಹೊರಗ ಹೋಗೂ ಚೆಂಡು ಮೊದಲಿಂದ ಬರ್ತಿತ್ರಿ. ಈಗ ನೆಟ್ಟಗ ಒಳಗ ಬರೂದೂ ಹತ್ತೇತಿ. ಅದು ಇನ್ನೂ ಹತ್ತರಾಗ ನಾಕು ಸಲ ಅಷ್ಟ ಬರ್ತೈತ್ರಿ” ಎಂದನು. ಪಟ್ಟಿಯ ಮಾತೇ ಬರಲಿಲ್ಲ. ನಾನು ಪಾರಿತೋಷಕವನ್ನು ಬಯಸುತ್ತ ಕುಳಿತಿದ್ದರೆ ಅವನು ಹತ್ತರಲ್ಲಿ ಐದನೆಯ ಚೆಂಡನ್ನು ಬಯಸುತ್ತಿದ್ದನು. ಅದು ಅವನ ಕೈಯಲ್ಲಿಯೇ ಇರುವದು. ಯಾರೂ ಪಟ್ಟಿಯಲ್ಲಿ ಬರೆದು ಕೊಡತಕ್ಕದ್ದಲ್ಲ.

ನಾವು ಮೂವರೂ ಕುಳಿತು ಒಂದು ಕರಾರು ಮಾಡಿದೆವು. ದಸರೆಯ ಸೂಟಿಯವರೆಗೆ ಬೆಳಗಿನ ತಾಲೀಮು ನಡೆಯತಕ್ಕದ್ದು. ದಿನಾಲು ಸಂಜೆ ಒಂದು ಗಂಟೆ ನನ್ನಲ್ಲಿಗೆ ಬಂದು ಗಣಿತ ಮತ್ತು ಸಂಸ್ಕೃತ ಓದತಕ್ಕದ್ದು. ಅರ್ಧವಾರ್ಷಿಕ ಪರೀಕ್ಷೆಯ ಅಂಕಗಳನ್ನು ನೋಡಿ ಮುಂದಿನ ವಿಚಾರ. ಸಂಸ್ಕೃತವನ್ನು ಈಗಿನ ಹುಡುಗರು ಅಂಕ ಬರುವ ವಿಷಯವೆಂದು ತೆಗೆದುಕೊಳ್ಳುವರು. ಕಾಳಿದಾಸನು ಇದಕ್ಕೆ ಏನೆನ್ನುತ್ತಿದ್ದನೋ, ನಾನು ಮಾತ್ರ ಸುಮ್ಮನಿದ್ದೇನೆ. ತಂದೆಯವರು ತಲೆಯಾಡಿಸಿದರು, ಪೂರ್ತಿ ಮನಸ್ಸಿನಿಂದಲ್ಲ. ಬಸ್ಸಿನ ಪಾಸಿನ ರೊಕ್ಕವನ್ನು ಮಾತ್ರ ಆಗಲೇ ತೆಗೆದು ಕೊಟ್ಟರು.

ಈಗ ಪಾಠವು ಲೃಟ್ ಲಕಾರದವರೆಗೆ ಬಂದಿದೆ. ಬರುವೆನು, ಆಡುವೆನು, ಗೆಲ್ಲುವೆನು ಎಂಬ ಭವಿಷ್ಯದ ರೂಪಗಳನ್ನು ಹುಡುಗನು ತಪ್ಪಿಲ್ಲದೆ ಒಪ್ಪಿಸುತ್ತಾನೆ. ಆಶಂಸೆಯ ವಿಶೇಷ ವಿಧಿಯನ್ನು ಇನ್ನೂ ಹೇಳಿಕೊಟ್ಟಿಲ್ಲ, ಅದು ಅವನ ಪರೀಕ್ಷೆಗೆ ಇಲ್ಲ. ನಿನ್ನೆ ಮಳೆ ಜೋರಾಗಿದ್ದುದರಿಂದ ಅಂಗಳಕ್ಕೆ ಇಳಿಯಲಾಗದೆ, ಪುಸ್ತಕ ಮುಚ್ಚಿದ ಮೇಲೆ ಪಡಸಾಲೆಯಲ್ಲಿಯೇ ರಬ್ಬರ ಚೆಂಡಿನಿಂದ ಗೋಡೆಗೆ ಎಸೆಯತೊಡಗಿದನು. ನಾನು ಎಣಿಸುತ್ತ ಕುಳಿತೆನು. ಹತ್ತಕ್ಕೆ ನಾಲ್ಕು ಒಳಗೆ ಬಂದವು. ಎರಡನೆಯ ಹತ್ತಕ್ಕೂ ನಾಲ್ಕು. ಮೂರನೆಯ ಹತ್ತು ಮುಗಿಯುವ ಮೊದಲೇ ನಮ್ಮ ಮನೆಯವರು ಗೋಡೆಯ ಸುಣ್ಣದ ಮಾತೆತ್ತಿದರು.